ಇನ್ಸಾಸ್ ಎಲ್‌ಎಂಜಿ ಕಲಿಸುವಾಗ ಮೊದಲು ಬೆರಳಿನ ಮಾತು

ಸೇನೆಯಲ್ಲಿ ನಾನು ವೆಪನ್ ಟ್ರೇನಿಂಗ್ ಉಸ್ತಾದ್ ಆಗಿದ್ದೆ. ಎಲ್‌ಎಂಜಿ, ಅಂದರೆ ಲೈಟ್ ಮಷಿನ್ ಗನ್ ಪಾಠಕ್ಕೆ ಬರುವ ಹೊತ್ತಿಗೆ ಹುಡುಗರಿಗೆ ನಮ್ಮ ದೇಶದಲ್ಲೇ ತಯಾರಾದ ಇನ್ಸಾಸ್ ರೈಫಲ್ ಚೆನ್ನಾಗಿ ಕೈಗೆ ಹತ್ತಿರುತ್ತಿತ್ತು. ಎಲ್‌ಎಂಜಿ ಮುಂದಿಟ್ಟರೆ, "ಇದೇನು ಉಸ್ತಾದ್, ನಮ್ಮ ರೈಫಲ್‌ಗೇ ಎರಡು ಕಾಲು ಕಟ್ಟಿದ್ದಾರೆ" ಅಂತ ನಗೋರು.

ಅವರು ಹೇಳಿದ್ದು ಸುಳ್ಳಲ್ಲ. ಗುಂಡು ಅದೇ 5.56 ಮಿ.ಮೀ., ಒಳಗೆ ಅದೇ ಗ್ಯಾಸ್ ಪಿಸ್ಟನ್. ಬ್ಯಾರೆಲ್ ಉದ್ದ, ದಪ್ಪ. ಮುಂದೆ ನೆಲಕ್ಕೂರುವ ಎರಡು ಕಾಲು, ಬೈಪಾಡ್. ಮ್ಯಾಗಜೀನ್‌ನಲ್ಲಿ 20ರ ಬದಲು 30 ಗುಂಡು. ಸೋವಿಯತ್‌ನವರು 1961ರಲ್ಲೇ ತಮ್ಮ ಎಕೆಎಂ ರೈಫಲ್‌ನಿಂದ ಆರ್‌ಪಿಕೆ ಎಂಬ ಎಲ್‌ಎಂಜಿ ಮಾಡಿಕೊಂಡಿದ್ದೂ ಇದೇ ಲೆಕ್ಕದಲ್ಲಿ. ಒಂದನ್ನು ಬಿಚ್ಚಲು ಕಲಿತವನಿಗೆ ಇನ್ನೊಂದು ಬರುತ್ತದೆ, ಇಡೀ ಸೆಕ್ಷನ್ನಿಗೆ (ಸೈನಿಕರ ಚಿಕ್ಕ ತಂಡಕ್ಕೆ) ಒಂದೇ ಬಗೆಯ ಗುಂಡು ಸಾಕು.

ತೊಂದರೆ ಶುರುವಾಗುವುದು ಫೈರಿಂಗ್ ರೇಂಜಿನಲ್ಲಿ. ರೈಫಲ್‌ನಲ್ಲಿ ಬರ್ಸ್ಟ್‌ಗೆ ಹಾಕಿದರೆ ಮೂರು ಗುಂಡು ಹೋಗಿ ತಾನೇ ನಿಲ್ಲುತ್ತದೆ. ಎಣಿಸುವ ಕೆಲಸ ರೈಫಲ್‌ದು. ಎಲ್‌ಎಂಜಿ ಹಾಗಲ್ಲ, ಟ್ರಿಗರ್ ಬಿಡುವವರೆಗೂ ಹೊಡೆಯುತ್ತದೆ. ನಿಮಿಷಕ್ಕೆ 600ಕ್ಕೂ ಜಾಸ್ತಿ ವೇಗ. ಸುಮ್ನೆ ಒತ್ತಿ ಹಿಡಿದರೆ ಮೂರು ಸೆಕೆಂಡಿಗೆ ಮ್ಯಾಗಜೀನ್ ಖಾಲಿ! ಮೊದಲೆರಡು ಗುಂಡು ಟಾರ್ಗೆಟ್‌ಗೆ, ಉಳಿದದ್ದೆಲ್ಲ ಮಣ್ಣಿನ ದಿಬ್ಬಕ್ಕೆ. ಅದಕ್ಕೇ ಖಾಲಿ ಗನ್ ಮೇಲೆ ಮಲಗಿಸಿ, ಬಾಯಲ್ಲಿ "ಒಂದೆರಡು" ಅನ್ನಿಸಿ, ಬೆರಳು ಬಿಡಿಸುತ್ತಿದ್ದೆ. ಒತ್ತೋದನ್ನ ಯಾರೂ ಕಲಿಸಬೇಕಿಲ್ಲ. ಬಿಡೋದನ್ನೇ ಕಲಿಸಬೇಕು.

ಇದು ಬರೀ ಗುಂಡು ಉಳಿಸುವ ಮಾತಲ್ಲ. ಹಳೆಯ ಬ್ರೆನ್ ಕಾಲದ ಗನ್‌ಗಳಲ್ಲಿ ಬ್ಯಾರೆಲ್ ಕಾದರೆ ನಂಬರ್ ಟೂ, ಅಂದರೆ ಗನ್ ಹೊಡೆಯುವವನ ಪಕ್ಕದ ಜೊತೆಗಾರ, ಅದನ್ನು ಕಿತ್ತು ಸ್ಪೇರ್ ಹಾಕುತ್ತಿದ್ದ. ಇನ್ಸಾಸ್‌ನಲ್ಲಿ ಆ ಅನುಕೂಲವಿಲ್ಲ. ಬ್ಯಾರೆಲ್ ತಣ್ಣಗಿರಬೇಕಾದರೆ ಬೆರಳೇ ಗತಿ.

ನಂಬರ್ ಟೂ ಅಂದ್ರೆ ಸಾಮಾನು ಹೊರೋನು ಅಂತ ಹುಡುಗರ ಲೆಕ್ಕ. ನಾನು ಚುರುಕು ಹುಡುಗನನ್ನೇ ಆ ಜಾಗಕ್ಕೆ ಹಾಕುತ್ತಿದ್ದೆ. ಗುಂಡು ಎಲ್ಲಿ ಬೀಳುತ್ತಿದೆ ಅಂತ ನೋಡೋನು ಅವನು. ಇನ್ಸಾಸ್ ಮ್ಯಾಗಜೀನ್ ಅರೆಪಾರದರ್ಶಕ ಪ್ಲಾಸ್ಟಿಕ್, ಒಳಗೆಷ್ಟು ಉಳಿದಿದೆ ಅಂತ ಪಕ್ಕದಿಂದಲೇ ಕಾಣುತ್ತದೆ. ಒಳ್ಳೆಯ ನಂಬರ್ ಟೂ ಆಗಿದ್ದರೆ ಗನ್ ಸುಮ್ಮನಾಗುವ ಮೊದಲೇ ಮುಂದಿನ ಮ್ಯಾಗಜೀನ್ ಕೈಯಲ್ಲಿರುತ್ತದೆ.

2020ರಲ್ಲಿ ಇಸ್ರೇಲಿನಿಂದ 16,479 ನೆಗೆವ್ ಎಲ್‌ಎಂಜಿಗಳಿಗೆ ಆರ್ಡರ್ ಕೊಟ್ಟರು. 7.62 ಮಿ.ಮೀ. ಗುಂಡು, ಪಟ್ಟಿಯಲ್ಲಿ ಸಾಲಾಗಿ ಗುಂಡು ಒದಗಿಸುವ ಬೆಲ್ಟ್ ಫೀಡ್, ಬ್ಯಾರೆಲ್ಲನ್ನೂ ಬೇಗ ಬದಲಿಸಬಹುದು. ನನ್ನ ಪ್ರಕಾರ ಇಂಥದ್ದು ಬಹಳ ಹಿಂದೆಯೇ ಬರಬೇಕಿತ್ತು. ಗುಂಡಿನ ತೂಕ ಮಾತ್ರ ಜಾಸ್ತಿ ಆಯಿತು. ಬೆಟ್ಟ ಹತ್ತುವಾಗ ನಂಬರ್ ಟೂ ನನ್ನ ಮಾತು ಒಪ್ಪಲಿಕ್ಕಿಲ್ಲ.