ಹತ್ತು ಜನ ಸಾಕಾಯ್ತು

ಈ ಭಾನುವಾರ ಇಬ್ಬರು ಬರಲಿಲ್ಲ ಅಂತ ನಮ್ಮ ಕ್ರಿಕೆಟ್ ಮ್ಯಾಚ್ ಕ್ಯಾನ್ಸಲ್. ಮನೆಗೆ ಬಂದು ಸುಮ್ನೆ ಹಳೇ ರಗ್ಬಿ ಲೀಗ್ (ತಂಡಕ್ಕೆ 13 ಜನ ಆಡೋ ರಗ್ಬಿ) ಕಥೆ ಓದುತ್ತಾ ಕೂತೆ. ಸಿಕ್ಕವನು ಹೆರಾಲ್ಡ್ ವ್ಯಾಗ್‌ಸ್ಟಾಫ್. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಹೋಮ್‌ಫರ್ತ್ ಹುಡುಗ. 1906ರಲ್ಲಿ ಹಡರ್ಸ್‌ಫೀಲ್ಡ್ ತಂಡಕ್ಕೆ ಇಳಿದಾಗ ಬರೀ 15 ವರ್ಷ! ಆ ವಯಸ್ಸಲ್ಲಿ ನಾನು ಟ್ಯೂಷನ್ ತಪ್ಪಿಸೋದರಲ್ಲಿ ಬಿಜಿ. 17ಕ್ಕೆ ಅವನು ಇಂಗ್ಲೆಂಡ್‌ಗೂ ಆಡಿದ.

1914ರ ಜುಲೈ, ಸಿಡ್ನಿ. ಎಂಟು ದಿನದಲ್ಲಿ ಮೂರನೇ ಟೆಸ್ಟ್. ಬ್ರಿಟನ್‌ಗೆ ಇವನೇ ಕ್ಯಾಪ್ಟನ್. ಆಗ ಬದಲಿ ಆಟಗಾರರೇ ಇರಲಿಲ್ಲ, ಗಾಯವಾದರೆ ಹೊರಗೆ, ಅಷ್ಟೇ. ಒಂದು ಹೊತ್ತಿನಲ್ಲಿ ಆಸ್ಟ್ರೇಲಿಯಾದ 13 ಜನರ ಎದುರು ಇವರು ಹತ್ತೇ ಜನ. ಫಾರ್ವರ್ಡ್ (ಮಧ್ಯದಲ್ಲಿ ಗುದ್ದಾಡೋ ಆಟಗಾರ) ಆಗಿದ್ದ ಚಿಕ್ ಜಾನ್ಸನ್ ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಲ್ಲಿ, ನಿಲ್ಲಬೇಕಾಯ್ತು. ವ್ಯಾಗ್‌ಸ್ಟಾಫ್ ಒಳಗೆ ನುಗ್ಗಿ ಅವನಿಗೆ ಪಾಸ್ ಕೊಟ್ಟ. ಜಾನ್ಸನ್ ಚೆಂಡನ್ನು ನೆಲಕ್ಕೆ ಬಿಟ್ಟು, ಫುಟ್‌ಬಾಲ್ ಥರ ಕಾಲಲ್ಲೇ ತಳ್ಳಿಕೊಂಡು ಓಡಿ ಟ್ರೈ (ಎದುರಾಳಿ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿ ಪಡೆಯೋ ಅಂಕ) ಹೊಡೆದ. ಕೊನೆಗೆ 14-6, ಬ್ರಿಟನ್ ಗೆದ್ದಿತು.

ಮುಂದಿನ ಸೀಸನ್‌ನಲ್ಲಿ ವ್ಯಾಗ್‌ಸ್ಟಾಫ್‌ನ ಹಡರ್ಸ್‌ಫೀಲ್ಡ್ ಗೆಲ್ಲಬಹುದಾದ ನಾಲ್ಕೂ ಕಪ್ ಬಾಚಿತು. ಆದರೂ ನನಗೆ ಜಾಸ್ತಿ ಹಿಡಿಸಿದ್ದು ಆ ಹತ್ತು ಜನ. ಪಾಪ, ವ್ಯಾಗ್‌ಸ್ಟಾಫ್ 48ಕ್ಕೇ ತೀರಿಕೊಂಡ.

ನಮ್ಮ ಗ್ರೂಪ್‌ಗೆ ಮೆಸೇಜ್ ಹಾಕಿದ್ದೇನೆ: ಮುಂದಿನ ವಾರ ಒಂಬತ್ತು ಜನ ಬಂದರೂ ಆಟ ಇದೆ.