ಲಿನಕ್ಸ್‌ಗೆ ಬಂದ ಮೇಲೆ ಆಟಗಳ ಗತಿ

ಬೆಂಗಳೂರು, 16 ನವೆಂಬರ್ 2025, ಭಾನುವಾರ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಕಳೆದ ತಿಂಗಳ 14ರಂದು ಮುಗಿಯಿತು. ನನ್ನ ಮೇಜಿನ ಮೇಲಿರುವುದು 2017ರಲ್ಲಿ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಒಂದೊಂದೇ ಬಿಡಿಭಾಗ ಕೊಂಡು ಜೋಡಿಸಿದ ಕಂಪ್ಯೂಟರ್. ಅದರ ಪ್ರೊಸೆಸರ್ ಇಂಟೆಲ್‌ನ 7ನೇ ತಲೆಮಾರಿನದು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು, ಒಂದೆರಡು ಅಪವಾದ ಬಿಟ್ಟರೆ, 8ನೇ ತಲೆಮಾರಿನಿಂದೀಚಿನವನ್ನು ಮಾತ್ರ. ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಸಿಗುವ ಸೌಲಭ್ಯವೇನೋ ಇತ್ತು. ಆದರೆ ವರ್ಷ ಕಳೆದ ಮೇಲೆ ಇದೇ ಪ್ರಶ್ನೆ ಮತ್ತೆ ಎದುರಿಗೆ ಬಂದು ನಿಲ್ಲುವುದು ಖಚಿತವಾದ್ದರಿಂದ, ದೀಪಾವಳಿಯ ರಜೆಯಲ್ಲೇ ವಿಂಡೋಸನ್ನು ಅಳಿಸಿ ಲಿನಕ್ಸ್ ಮಿಂಟ್ 22.2 ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿಕೊಂಡೆ. ಬ್ರೌಸರು, ಕಚೇರಿಯ ಕಡತಗಳು, ಕೆ.ಜಿ.ಪಿ. ವಿನ್ಯಾಸದ ಕನ್ನಡ ಕೀಲಿಮಣೆ ಎಲ್ಲವೂ ಅಂದು ಸಂಜೆಯೊಳಗೆ ಹಳಿಗೆ ಬಂದವು. ಉಳಿದದ್ದು ಆಟಗಳು. ನಲವತ್ತು ದಾಟಿದ ಮೇಲೂ ಇದೇನು ಆಟ ಎಂದು ಕೇಳುವವರು ಮನೆಯಲ್ಲಿದ್ದಾರೆ; ಅವರಿಗೆ ಉತ್ತರ ಈ ಬರಹದಲ್ಲಿಲ್ಲ.

ಹತ್ತು ವರ್ಷದ ಹಿಂದೆ ಲಿನಕ್ಸ್‌ನಲ್ಲಿ ಆಟವಾಡುತ್ತೇನೆ ಎಂದವರನ್ನು ನೋಡಿ ಜನ ನಗುತ್ತಿದ್ದರು, ಮತ್ತು ನಗುವುದಕ್ಕೆ ಕಾರಣವೂ ಇತ್ತು. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಯೋಜನೆ 1993ರಲ್ಲೇ ಆರಂಭವಾಗಿದ್ದರೂ ಅದರ 1.0 ಆವೃತ್ತಿ ಹೊರಬಂದದ್ದು 2008ರಲ್ಲಿ. ಆಮೇಲೂ ಹೊಸ ಆಟಗಳ ವಿಷಯದಲ್ಲಿ ಅದನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಆಟಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸ್ಟೀಮ್ ಅಂಗಡಿಯನ್ನು ನಡೆಸುವ ವಾಲ್ವ್ ಕಂಪನಿ 2013ರಲ್ಲಿ ಲಿನಕ್ಸ್‌ಗೆ ಬಂದಾಗ, ಆಟ ತಯಾರಿಸುವವರೇ ಲಿನಕ್ಸ್‌ಗೆಂದು ಬೇರೆ ಆವೃತ್ತಿ ಮಾಡಿಕೊಡುತ್ತಾರೆ ಎಂಬ ಭರವಸೆಯಿತ್ತು. 2015ರ ಸ್ಟೀಮ್ ಮಷೀನ್‌ಗಳು, ಅಂದರೆ ಲಿನಕ್ಸ್ ಹಾಕಿದ ಆಟದ ಕಂಪ್ಯೂಟರುಗಳು, ಆ ಭರವಸೆಯನ್ನೇ ನಂಬಿ ಮಾರುಕಟ್ಟೆಗೆ ಬಂದು ಸೋತವು. ನಂತರ ವಾಲ್ವ್ ಹಿಡಿದ ದಾರಿ ಬೇರೆ. ಕೋಡ್‌ವೀವರ್ಸ್ ಸಂಸ್ಥೆಯೊಡನೆ ಸೇರಿ, ವೈನ್ ಅನ್ನೇ ಆಧಾರವಾಗಿಟ್ಟುಕೊಂಡು, ಪ್ರೋಟಾನ್ ಎಂಬ ಸಲಕರಣೆಯನ್ನು 2018ರ ಆಗಸ್ಟ್‌ನಲ್ಲಿ ಸ್ಟೀಮ್‌ನ ಒಳಗೇ ಇಟ್ಟು ಬಿಡುಗಡೆ ಮಾಡಿತು.

ಪ್ರೋಟಾನ್‌ನ ಜೀವಾಳವಾದ ಡಿಎಕ್ಸ್‌ವಿಕೆಯ ಹುಟ್ಟು ನನಗೆ ತುಂಬ ಇಷ್ಟವಾದ ಸಂಗತಿ. ಫಿಲಿಪ್ ರೆಬೋಲೆ ಎಂಬ ಡೆವಲಪರ್, ತಾನು ಆಡಬೇಕೆಂದಿದ್ದ 'ನಿಯರ್: ಆಟೋಮಾಟಾ' ಆಟ ಲಿನಕ್ಸ್‌ನಲ್ಲಿ ಸರಿಯಾಗಿ ನಡೆಯದ ಕಾರಣಕ್ಕೆ ಅದನ್ನು ಬರೆಯಲು ಕುಳಿತವರು. ಆಟವು ಚಿತ್ರ ಬಿಡಿಸಲು ವಿಂಡೋಸ್‌ನ ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ ಕೊಡುವ ಆಜ್ಞೆಗಳನ್ನು, ದುಭಾಷಿಯೊಬ್ಬನು ಪಕ್ಕದಲ್ಲೇ ಕುಳಿತು ಹೇಳುವಂತೆ, ವಲ್ಕನ್ ಎಂಬ ಮುಕ್ತ ಗ್ರಾಫಿಕ್ಸ್ ಭಾಷೆಗೆ ಆ ಕ್ಷಣದಲ್ಲೇ ತಿರುಗಿಸಿ ಕಾರ್ಡಿಗೆ ಒಪ್ಪಿಸುವುದು ಅದರ ಕೆಲಸ. ಒಬ್ಬರ ಆಟದ ಹಟದಿಂದ ಸಾವಿರಾರು ಆಟಗಳ ಬಾಗಿಲು ತೆರೆಯಿತು.

ನಾನು ಮೊದಲು ಇಳಿಸಿಕೊಂಡದ್ದು 'ಏಜ್ ಆಫ್ ಎಂಪೈರ್ಸ್ 2'ರ ಡೆಫಿನಿಟಿವ್ ಎಡಿಷನ್. ಇನ್‌ಸ್ಟಾಲ್ ಒತ್ತಿದೆ, ಪ್ಲೇ ಒತ್ತಿದೆ, ಆಟ ತೆರೆಯಿತು. ಆಟದ ಬಗ್ಗೆ ಬರೆಯಲು ಇಷ್ಟೇ ಇದೆ. ಬರೆಯಬೇಕಾದದ್ದು ಆಮೇಲೆ ಫೈಲ್ ಮ್ಯಾನೇಜರಿನಲ್ಲಿ ಕಂಡದ್ದನ್ನು. ಸ್ಟೀಮ್‌ನ ಫೋಲ್ಡರಿನೊಳಗೆ 'ಕಾಂಪ್ಯಾಟ್‌ಡೇಟಾ' ಎಂಬ ಇನ್ನೊಂದು ಫೋಲ್ಡರ್ ಇದೆ. ಅದರಲ್ಲಿ ಪ್ರತಿಯೊಂದು ಆಟಕ್ಕೂ ಒಂದು ಸಂಖ್ಯೆ, ನನ್ನ ಆಟದ್ದು 813780. ಅದನ್ನು ತೆರೆದರೆ 'ಡ್ರೈವ್ ಸಿ', ಅದರೊಳಗೆ 'ವಿಂಡೋಸ್', ಅದರೊಳಗೆ 'ಸಿಸ್ಟಂ32', ಪಕ್ಕದಲ್ಲಿ 'ಪ್ರೋಗ್ರಾಂ ಫೈಲ್ಸ್', 'ಯೂಸರ್ಸ್'. ಆ ಯೂಸರ್ಸ್ ಒಳಗೆ ವಾಸವಾಗಿರುವವನು 'ಸ್ಟೀಮ್‌ಯೂಸರ್' ಎಂಬ ಒಬ್ಬನೇ. ನಾನು ಅಳಿಸಿ ಹಾಕಿದ ಸಿ ಡ್ರೈವಿನ ಒಂದು ಪುಟ್ಟ ನಕಲು ಪ್ರತಿ ಆಟದ ಹೆಸರಿನಲ್ಲೂ ಹೀಗೆ ಸಿದ್ಧವಾಗಿರುತ್ತದೆ, ಮತ್ತು ಆಟ ತಾನು ವಿಂಡೋಸ್‌ನಲ್ಲೇ ಇದ್ದೇನೆಂದು ನಂಬಿಕೊಂಡು ತನ್ನ ಪಾಡಿಗೆ ನಡೆಯುತ್ತದೆ. ಬ್ಯಾಕಪ್‌ನಲ್ಲಿದ್ದ ಹಳೆಯ ಸೇವ್ ಫೈಲುಗಳನ್ನು ಸ್ಟೀಮ್‌ಯೂಸರ್‌ನ ಫೋಲ್ಡರಿಗೆ ಹಾಕಿದ್ದೇ ತಡ, ಅರ್ಧಕ್ಕೆ ನಿಂತಿದ್ದ ಕಾಳಗ ನಿಂತಲ್ಲಿಂದಲೇ ಮುಂದುವರಿಯಿತು. ನನ್ನದು ದ್ರಾವಿಡರ ಪಡೆ, 2022ರ ಭಾರತದ ವಿಸ್ತರಣೆಯಲ್ಲಿ ಸೇರಿಸಿದ್ದು. ಕನ್ನಡಿಗರಿಗೆಂದು ಬೇರೆ ಪಡೆ ಇಲ್ಲ, ಸೈನಿಕರು ತಮಿಳಿನಲ್ಲಿ ಉತ್ತರ ಕೊಡುತ್ತಾರೆ. ಹೊಯ್ಸಳರನ್ನು ನಾವೇ ಊಹಿಸಿಕೊಳ್ಳಬೇಕು. ಅದು ಲಿನಕ್ಸ್‌ನ ತಪ್ಪಲ್ಲ.

ತೊಡಕು ಬಂದದ್ದು ಎರಡನೆಯ ಹಾರ್ಡ್ ಡಿಸ್ಕಿನಲ್ಲಿ. ಅಲ್ಲಿ ವಿಂಡೋಸ್ ಕಾಲದಲ್ಲಿ ಇಳಿಸಿಕೊಂಡ ಆಟಗಳು ವಿಂಡೋಸ್‌ನ ಎನ್‌ಟಿಎಫ್‌ಎಸ್ ಮಾದರಿಯ ವಿಭಾಗದಲ್ಲಿ ಹಾಗೇ ಇದ್ದವು. ಮತ್ತೆ ಇಳಿಸಿಕೊಳ್ಳುವ ಡೇಟಾ ಉಳಿಯಲಿ ಎಂದು ಸ್ಟೀಮ್‌ಗೆ ಅದೇ ಫೋಲ್ಡರ್ ತೋರಿಸಿದೆ. ಆಟಗಳೆಲ್ಲ ಪಟ್ಟಿಯಲ್ಲಿ ಬಂದವು. ಆದರೆ ಪ್ಲೇ ಗುಂಡಿ ಒತ್ತಿದರೆ ಅದು ಕ್ಷಣಕಾಲ ಸ್ಟಾಪ್ ಎಂದಾಗಿ, ಮರುಕ್ಷಣ ಮತ್ತೆ ಪ್ಲೇ ಆಗುತ್ತಿತ್ತು. ದೋಷ ಏನೆಂದು ಹೇಳುವ ಒಂದು ಸಾಲಿನ ಸಂದೇಶವೂ ಇಲ್ಲ. ಸ್ಟೀಮ್ ಅನ್ನು ಟರ್ಮಿನಲ್‌ನಿಂದ ಶುರು ಮಾಡಿ ನೋಡಿದಾಗ ಕಾರಣ ತಿಳಿಯಿತು. ಪ್ರೋಟಾನ್ ತನ್ನ ನಕಲಿ ಸಿ ಡ್ರೈವನ್ನು ಗುರುತಿಸಲು 'ಸಿ' ಅಕ್ಷರದ ಮುಂದೆ ಕೋಲನ್ ಚಿಹ್ನೆ ಇರುವ ಹೆಸರಿನ ಲಿಂಕ್ ಒಂದನ್ನು ಸೃಷ್ಟಿಸುತ್ತದೆ. ವಿಂಡೋಸ್‌ನ ನಿಯಮದಂತೆ ಫೈಲಿನ ಹೆಸರಿನಲ್ಲಿ ಕೋಲನ್ ಬರುವಂತಿಲ್ಲ. ಆ ನಿಯಮ ಪಾಲಿಸುವಂತೆ ಡಿಸ್ಕ್ ಮೌಂಟ್ ಆಗಿದ್ದರೆ ಲಿಂಕ್ ಹುಟ್ಟುವುದೇ ಇಲ್ಲ. ವಿಂಡೋಸ್ ಆಟ, ವಿಂಡೋಸ್ ಡಿಸ್ಕು, ಆದರೂ ಕೈ ಕೊಟ್ಟದ್ದು ವಿಂಡೋಸ್‌ನ ನಿಯಮವೇ. ಫೋಟೋ ಮತ್ತು ದಾಖಲೆಗಳನ್ನು ಬೇರೆಡೆಗೆ ಸಾಗಿಸಿ, ಡಿಸ್ಕನ್ನು ಲಿನಕ್ಸ್‌ನ ಎಕ್ಸ್‌ಟ್4 ಮಾದರಿಗೆ ಫಾರ್ಮ್ಯಾಟ್ ಮಾಡಿ, ರಾತ್ರಿಯಿಡೀ ಆಟಗಳನ್ನು ಮತ್ತೆ ಇಳಿಸಿಕೊಂಡ ಮೇಲೆ ತೊಂದರೆ ಕಾಣಲಿಲ್ಲ.

ಮಿಕ್ಕವು ಸಣ್ಣಪುಟ್ಟವು. ನನ್ನದು ಎಎಂಡಿಯ ಗ್ರಾಫಿಕ್ಸ್ ಕಾರ್ಡಾದ್ದರಿಂದ ಡ್ರೈವರ್ ಹುಡುಕುವ ಕೆಲಸವೇ ಬೀಳಲಿಲ್ಲ. ಅದು ಕರ್ನಲ್ (ಕಾರ್ಯಾಚರಣ ವ್ಯವಸ್ಥೆಯ ತಿರುಳು) ಮತ್ತು ಮೆಸಾ ಎಂಬ ಗ್ರಾಫಿಕ್ಸ್ ತಂತ್ರಾಂಶದ ಜೊತೆಗೇ ಬರುತ್ತದೆ. ಎನ್‌ವಿಡಿಯಾ ಇದ್ದವರು ಮಿಂಟ್‌ನ ಡ್ರೈವರ್ ಮ್ಯಾನೇಜರಿಗೆ ಒಮ್ಮೆ ಹೋಗಿ ಬರಬೇಕು. ದೊಡ್ಡ ಆಟಗಳು ಮೊದಲ ಸಲ ತೆರೆಯುವಾಗ ವಲ್ಕನ್ ಶೇಡರ್‌ಗಳನ್ನು (ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂಗಳನ್ನು) ಸಿದ್ಧಪಡಿಸಿಕೊಳ್ಳಲು ಸಮಯ ಹಿಡಿಯುತ್ತವೆ, ಅಷ್ಟರಲ್ಲಿ ಕಾಫಿ ಮಾಡಿಕೊಂಡು ಬರಬಹುದು. ವಿಂಡೋಸ್ 95ರ ಕಾಲದ ಹಳೆಯ ಸಿ.ಡಿ.ಗಳ ಪಾಲಿಗಂತೂ ಇದು ಮರುಜನ್ಮ: ಅವುಗಳಲ್ಲಿ ಅನೇಕದರ ಇನ್‌ಸ್ಟಾಲರ್ 16 ಬಿಟ್‌ನದು, 64 ಬಿಟ್ ವಿಂಡೋಸ್ ಅದನ್ನು ಮುಟ್ಟುವುದೇ ಇಲ್ಲ, ವೈನ್ ಮುಟ್ಟುತ್ತದೆ.

ಇಂದು ಮಧ್ಯಾಹ್ನ ಅಕ್ಕನ ಮಗ ಬಂದಿದ್ದ. ನಾಳೆ ಕಾರ್ತಿಕದ ಕಡೆಯ ಸೋಮವಾರ, ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯ ಜನಜಂಗುಳಿಯಲ್ಲಿ ನುಗ್ಗಿ ಒಂದು ಸೇರು ಹಸಿ ಕಡಲೆಕಾಯಿ ಕೊಂಡು ತಂದವನು, ಅದನ್ನು ಅಡುಗೆಮನೆಗೆ ಕೊಟ್ಟು ನೇರವಾಗಿ ಕಂಪ್ಯೂಟರಿನ ಮುಂದೆ ಕುಳಿತ. ಅವನ ಕಾಲೇಜಿನ ಗೆಳೆಯರೆಲ್ಲ ತಂಡ ಕಟ್ಟಿಕೊಂಡು ಆನ್‌ಲೈನ್‌ನಲ್ಲಿ ಗುಂಡು ಹಾರಿಸುವ ಆಟವೊಂದಿದೆ. ಅದು ನನ್ನಲ್ಲಿ ನಡೆಯುವುದಿಲ್ಲ ಎಂದೆ. "ಇದೇನ್ ಮಾಮ, ಅಷ್ಟೊಂದು ಆಟ ಓಡುತ್ತೆ, ಇದೊಂದು ಯಾಕೆ ಓಡಲ್ಲ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಉತ್ತರ ಹೇಳುವ ಹೊತ್ತಿಗೆ ಒಂದು ತಟ್ಟೆ ಕಡಲೆಕಾಯಿ ಖಾಲಿಯಾಯಿತು.

ಮೋಸದಾಟ ಹಿಡಿಯುವ ತಂತ್ರಾಂಶಗಳಲ್ಲಿ, ಅಂದರೆ ಆಂಟಿ-ಚೀಟ್‌ಗಳಲ್ಲಿ, ಕೆಲವು ವಿಂಡೋಸ್‌ನ ಕರ್ನಲ್‌ಗೇ ಇಳಿದು ಕೂರುತ್ತವೆ. 'ವ್ಯಾಲರಂಟ್' ಆಟದ ವ್ಯಾನ್‌ಗಾರ್ಡ್ ಕಂಪ್ಯೂಟರ್ ಆನ್ ಆಗುವಾಗಲೇ ಎದ್ದು ಕೂರುವಂಥದ್ದು. ಪ್ರೋಟಾನ್ ಅನುಕರಿಸುವುದು ವಿಂಡೋಸ್‌ನ ಮೇಲಿನ ಪದರವನ್ನು; ಕೆಳಗೆ ಇರುವುದು ಲಿನಕ್ಸ್ ಕರ್ನಲ್ ಆದ್ದರಿಂದ ಅಂಥ ಡ್ರೈವರ್‌ಗೆ ಕಾಲೂರಲು ಜಾಗವಿಲ್ಲ. ಇಲ್ಲಿಯವರೆಗೆ ಇದು ತಾಂತ್ರಿಕ ಕಾರಣ, ಒಪ್ಪಬಹುದು. ಆದರೆ ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎಂಬ ಇನ್ನೆರಡು ಆಂಟಿ-ಚೀಟ್‌ಗಳು 2021ರಲ್ಲೇ ಪ್ರೋಟಾನ್‌ಗೆ ಬೆಂಬಲ ಘೋಷಿಸಿವೆ. ಅದನ್ನು ಬಳಸುವುದೋ ಬೇಡವೋ ಎಂಬುದು ಆಯಾ ಆಟದವರ ಇಷ್ಟ. ಹೀಗಾಗಿ ಒಂದೇ ಆಂಟಿ-ಚೀಟ್ ಇರುವ ಎರಡು ಆಟಗಳಲ್ಲಿ ಒಂದು ನಡೆಯುತ್ತದೆ, ಇನ್ನೊಂದು ನಡೆಯುವುದಿಲ್ಲ. 'ಏಪೆಕ್ಸ್ ಲೆಜೆಂಡ್ಸ್' ಎರಡು ವರ್ಷಕ್ಕೂ ಹೆಚ್ಚು ಕಾಲ ಲಿನಕ್ಸ್‌ನಲ್ಲಿ ನಡೆಯುತ್ತಿತ್ತು. 2024ರ ಅಕ್ಟೋಬರ್ ಕೊನೆಯಲ್ಲಿ, ಲಿನಕ್ಸ್‌ನ ಮುಕ್ತ ಸ್ವಭಾವ ಮೋಸಗಾರರಿಗೆ ಅನುಕೂಲವಾಗುತ್ತಿದೆ ಎಂದು ಹೇಳಿ ಅದನ್ನು ನಿಲ್ಲಿಸಿದರು. ಈಸಿ ಆಂಟಿ-ಚೀಟ್‌ನ ಒಡೆತನ ಎಪಿಕ್ ಕಂಪನಿಯದೇ. ಆದರೂ ಅದೇ ಕಂಪನಿಯ 'ಫೋರ್ಟ್‌ನೈಟ್'ಗೆ ಲಿನಕ್ಸ್‌ನಲ್ಲಿ ಪ್ರವೇಶವಿಲ್ಲ.

ಮೋಸಗಾರರ ವಿಷಯದಲ್ಲಿ ಕಂಪನಿಗಳ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಕರ್ನಲ್ ಅನ್ನೇ ಬೇಕಾದಂತೆ ತಿದ್ದಿಕೊಳ್ಳಬಹುದಾದ ವ್ಯವಸ್ಥೆಯಲ್ಲಿ ಕಾವಲುಗಾರನನ್ನು ಏಮಾರಿಸುವುದು ಸುಲಭ, ಮತ್ತು ಆಡುವವರಲ್ಲಿ ಲಿನಕ್ಸ್‌ನವರು ಬೆರಳೆಣಿಕೆಯಷ್ಟು. ಆದರೆ ನೆಟ್ ಬ್ಯಾಂಕಿಂಗ್ ನಡೆಸುವ ಕಂಪ್ಯೂಟರಿನ ಕರ್ನಲ್‌ನಲ್ಲಿ ಆಟದ ಕಂಪನಿಯೊಂದರ ಡ್ರೈವರನ್ನು ಕೂರಿಸಲು ನನಗೆ ಮನಸ್ಸಿಲ್ಲ. ಕರ್ನಲ್ ಮಟ್ಟದ ಒಂದು ತಂತ್ರಾಂಶ ಎಡವಿದರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಪ್ರಕರಣದಲ್ಲಿ ನೋಡಿದ್ದೇವೆ; ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ಹೊದ್ದು ಮಲಗಿದ ಆ ದಿನ ನಮ್ಮ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರುಗಳೂ ಪರದಾಡಿದವು. ಈ ವಾದ ಅಕ್ಕನ ಮಗನಿಗೆ ರುಚಿಸಲಿಲ್ಲ. ಅವನಿಗೆ ಬೇಕಾದದ್ದು ಆಟವಲ್ಲ, ಗೆಳೆಯರ ಜೊತೆ. ಅದಕ್ಕೆ ಬದಲಿ ಹುಡುಕಿಕೊಡಲು ಯಾವ ಪ್ರೋಟಾನ್‌ಗೂ ಆಗದು ಎಂಬುದು ನನಗೂ ಗೊತ್ತು. ಒಬ್ಬಂಟಿಯಾಗಿ ಆಡುವ ನನ್ನಂಥವನಿಗೆ ವಿಂಡೋಸ್ ಬಿಡುವುದು ಸಲೀಸು, ತಂಡದಲ್ಲಿ ಆಡುವವನು ತಂಡವನ್ನೇ ಬಿಡಬೇಕು. ಕೊನೆಗೆ ಲಿನಕ್ಸ್ ಆವೃತ್ತಿಯೇ ಇರುವ 'ಕೌಂಟರ್-ಸ್ಟ್ರೈಕ್ 2'ರಲ್ಲಿ ಒಂದು ತಾಸು ಕಳೆದು, ಮುಂದಿನ ವಾರ ತನ್ನ ಲ್ಯಾಪ್‌ಟಾಪನ್ನೇ ತರುತ್ತೇನೆಂದು ಹೇಳಿ ಹೋದ.

ಈ ಬುಧವಾರ ವಾಲ್ವ್ ಹೊಸ ಸ್ಟೀಮ್ ಮಷೀನ್ ಅನ್ನು ಘೋಷಿಸಿದೆ, ಮುಂದಿನ ವರ್ಷದ ಆರಂಭಕ್ಕೆ ಬರುತ್ತದೆಯಂತೆ. ಕೈಯಲ್ಲಿ ಹಿಡಿದು ಆಡುವ 2022ರ ಸ್ಟೀಮ್ ಡೆಕ್ ಇನ್ನೂ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಾಟಕ್ಕಿಲ್ಲದಿರುವಾಗ ಇದನ್ನು ಎಸ್.ಪಿ. ರಸ್ತೆಯಲ್ಲಿ ನೋಡುವ ಆಸೆ ನನಗಿಲ್ಲ. ಆದರೆ ಅದರೊಳಗೂ ಲಿನಕ್ಸೇ ಇರುವುದರಿಂದ, ಅದಕ್ಕಾಗಿ ಪ್ರೋಟಾನ್‌ನಲ್ಲಿ ಆಗುವ ದುರಸ್ತಿಗಳೆಲ್ಲ ನನ್ನ ಹಳೆಯ ಕಂಪ್ಯೂಟರಿಗೂ ಪುಕ್ಕಟೆಯಾಗಿ ಬರುತ್ತವೆ. ಸ್ಟೀಮ್‌ನ ಅಕ್ಟೋಬರ್ ಸಮೀಕ್ಷೆಯಲ್ಲಿ ಲಿನಕ್ಸ್‌ನ ಪಾಲು ಮೊದಲ ಬಾರಿಗೆ ಶೇ. 3 ದಾಟಿದೆ, ಆ ಅಂಕಿ ಮೇಲೇರಿದಂತೆ ಆಂಟಿ-ಚೀಟ್‌ನವರ ಲೆಕ್ಕಾಚಾರವೂ ಬದಲಾದೀತು.

ಡಿಸೆಂಬರಿನ ರಿಯಾಯಿತಿ ಮಾರಾಟಕ್ಕೆಂದು ಗುರುತು ಹಾಕಿಟ್ಟಿದ್ದ ಆಟಗಳನ್ನು ರಾತ್ರಿ ಊಟದ ಮೇಲೆ ಪ್ರೋಟಾನ್‌ಡಿಬಿಯಲ್ಲಿ ಒಂದೊಂದಾಗಿ ನೋಡಿದೆ. ಆಡಿದವರೇ ತಮ್ಮ ಕಂಪ್ಯೂಟರಿನ ವಿವರದೊಡನೆ ಪ್ಲಾಟಿನಂ, ಗೋಲ್ಡ್, ಸಿಲ್ವರ್ ಎಂದು ದರ್ಜೆ ಕೊಡುವ ತಾಣ ಅದು. ಹೆಚ್ಚಿನವು ಪ್ಲಾಟಿನಂ, ಒಂದೆರಡು ಗೋಲ್ಡ್; ಆನ್‌ಲೈನ್ ಕಾರ್ ರೇಸ್ ಒಂದನ್ನು ಮಾತ್ರ ಆಂಟಿ-ಚೀಟ್ ಕಾರಣಕ್ಕೆ ಪಟ್ಟಿಯಿಂದ ತೆಗೆದುಹಾಕಿದೆ.