ಮೇಲೆ ಟೀಮ್ಸ್, ಕೆಳಗೆ ವಾಟ್ಸಾಪ್

ನಮ್ಮದು ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿರುವ ಚಿಕ್ಕ ಕಾರ್ಖಾನೆ. ಪಂಪು, ವಾಲ್ವುಗಳ ಬಿಡಿಭಾಗಗಳನ್ನು ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷಿನ್‌ನಲ್ಲಿ ಮಾಡಿಕೊಡುತ್ತೇವೆ. ನಾನಿರುವುದು ಪ್ಲಾನಿಂಗ್‌ನಲ್ಲಿ. ಯಾವ ಮಷಿನ್‌ಗೆ ಯಾವ ಜಾಬ್ ಹಾಕಬೇಕು, ಯಾವುದು ಯಾವತ್ತು ಡಿಸ್ಪ್ಯಾಚ್ ಆಗಬೇಕು ಅಂತ ನೋಡಿಕೊಳ್ಳುವ ಕೆಲಸ. ಮೊದಲ ಮಹಡಿಯಲ್ಲಿ ಆಫೀಸು, ಕೆಳಗೆ ಶಾಪ್ ಫ್ಲೋರ್. ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿರುತ್ತೇನೆ.

ಮೇಲಿನವರು ಮಾತಾಡುವುದು ಟೀಮ್ಸ್‌ನಲ್ಲಿ, ಅಂದರೆ ಆಫೀಸಿನವರು ಬಳಸುವ ಮೈಕ್ರೋಸಾಫ್ಟ್‌ನ ಚಾಟ್ ಆ್ಯಪ್‌ನಲ್ಲಿ. ಕೆಳಗಿನವರು ವಾಟ್ಸಾಪ್‌ನಲ್ಲಿ. ಮಧ್ಯೆ ಓಡಾಡುವ ಟಪಾಲು ನಾನು.

2020ರ ಲಾಕ್‌ಡೌನ್‌ನಲ್ಲಿ ಟೀಮ್ಸ್ ಬಂತು. ಕಂಪನಿಯ ಮೇಲ್ ಐಡಿ ಇದ್ದವರಿಗೆಲ್ಲ ಲಾಗಿನ್ ಕೊಟ್ಟರು. ಆಪರೇಟರ್‌ಗಳಿಗೆ ಮೇಲ್ ಐಡಿಯೇ ಇರಲಿಲ್ಲ, ಅವರು ಹೊರಗೇ ಉಳಿದರು. ಯಾರೂ ಬೇಕಂತ ಮಾಡಿದ್ದಲ್ಲ. ಯಾರಿಗೂ ಹೊಳೆಯಲಿಲ್ಲ, ಅಷ್ಟೆ.

ವಾಟ್ಸಾಪ್ ಗ್ರೂಪ್ ಅಂದರೆ ಮೂಗು ಮುರಿಯುವವರಿದ್ದಾರೆ. ನಾನಂತೂ ಮುರಿಯಲ್ಲ. ಗದಗದ ಕಡೆಯ ನಮ್ಮ ಒಬ್ಬ ಆಪರೇಟರ್ ಟೈಪ್ ಮಾಡುವವನಲ್ಲ, ವಾಯ್ಸ್ ಮೆಸೇಜೇ. “ಮೇಡಮ್ ರೀ, ಮೂರನೇ ಮಷಿನ್ ಸೌಂಡ್ ಬ್ಯಾರೇನ ಬರಾಕತ್ತೈತಿ, ಇಲ್ಲಿ ಕೇಳ್ರಿ” ಅಂದು ಫೋನನ್ನೇ ಮಷಿನ್‌ನ ತಿರುಗುವ ಸ್ಪಿಂಡಲ್ ಹತ್ತಿರ ಹಿಡಿಯುತ್ತಾನೆ. ಮೇಂಟೆನೆನ್ಸ್‌ನವರು ಅದನ್ನು ಕೇಳಿಯೇ ಬೇರಿಂಗ್ ಹೋಗಿದೆ ಅಂತ ಹೇಳಿದ್ದೂ ಇದೆ. ಯಾವ ಬ್ರೇಕ್‌ಡೌನ್ ರಿಪೋರ್ಟ್ ಇಷ್ಟು ಚೆನ್ನಾಗಿರುತ್ತೆ ಹೇಳಿ?

ತೊಂದರೆ ಆಗಿದ್ದು ಡ್ರಾಯಿಂಗ್ ವಿಷಯದಲ್ಲಿ.

ಗಿರಾಕಿ ಒಂದು ಜಾಬ್‌ನ ಡ್ರಾಯಿಂಗ್ ಬದಲಿಸಿ ಕಳಿಸಿದರು. ರಿವಿಷನ್ ಬಿ ಹೋಗಿ, ತಿದ್ದಿದ ರಿವಿಷನ್ ಸಿ ಬಂತು. ಬೋರ್, ಅಂದರೆ ಒಳಗಿನ ತೂತಿನ ಅಳತೆ ಸ್ವಲ್ಪ ಚಿಕ್ಕದಾಗಿತ್ತು. ಮೇಲೆ ಅದನ್ನು ಟೀಮ್ಸ್ ಚಾನೆಲ್‌ಗೆ ಹಾಕಿದರು, ಎಲ್ಲರೂ ಹೆಬ್ಬೆರಳಿನ ಲೈಕ್ ಒತ್ತಿದರು. ಅವತ್ತು ನಾನು ರಜೆ. ಸೆಕೆಂಡ್ ಶಿಫ್ಟ್‌ನಲ್ಲಿ ಮಷಿನ್‌ಗೆ ಅಳತೆ ಕೂರಿಸುವ ಸೆಟ್ಟರ್ ಎಂದಿನಂತೆ ವಾಟ್ಸಾಪ್ ಗ್ರೂಪನ್ನು ಮೇಲಕ್ಕೆ ಸರಿಸುತ್ತಾ ಹೋದ. ಯಾವತ್ತೋ ಯಾರೋ ಹಾಕಿದ್ದ ರಿವಿಷನ್ ಬಿ ಫೋಟೊ ಸಿಕ್ಕಿತು. ಅದನ್ನೇ ನೋಡಿ ಮಷಿನ್ ಸೆಟ್ ಮಾಡಿದ. ಬೋರ್ ಚಿಕ್ಕದಿದ್ದರೆ ಇನ್ನೊಮ್ಮೆ ಮಷಿನ್‌ಗೆ ಹಾಕಿ ದೊಡ್ಡದು ಮಾಡಬಹುದು. ದೊಡ್ಡದಾಗಿ ಹೋದರೆ ಗುಜರಿಗೇ. ರಾತ್ರಿ ಮಾಡಿದ ಲಾಟ್ ಪೂರ್ತಿ ಹೋಯಿತು.

ಬೆಳಗಿನ ಮೀಟಿಂಗ್‌ನಲ್ಲಿ ಜಗಳವೋ ಜಗಳ. “ಟೀಮ್ಸ್‌ನಲ್ಲಿ ಹಾಕಿದ್ವಲ್ಲ” ಅಂತ ಮೇಲಿನವರು. “ನಮ್ ಗ್ರೂಪ್‌ಗೆ ಬಂದೇ ಇಲ್ಲ ಸಾರ್” ಅಂತ ಕೆಳಗಿನವರು. ಇಬ್ಬರು ಹೇಳಿದ್ದೂ ನಿಜ.

ಇನ್ನೊಂದು ವಿಷಯ. ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರೆ ಅದು ಫೈಲನ್ನು ಕುಗ್ಗಿಸುತ್ತೆ. ಎ3 ಹಾಳೆಯ ಡ್ರಾಯಿಂಗ್‌ನಲ್ಲಿ 0.02 ಅಂತ ಬರೆದಿದ್ದು 0.05ರ ಹಾಗೆ ಕಾಣಬಹುದು. ಡಾಕ್ಯುಮೆಂಟ್ ಅಂತ ಕಳಿಸಿದರೆ ಹಾಗಾಗಲ್ಲ. ಆದರೆ ಮಷಿನ್ ನಿಂತಿರುವಾಗ, ಕೈಯಲ್ಲಿ ಆಯಿಲ್ ಮೆತ್ತಿರುವಾಗ, ಯಾರು ಅಷ್ಟೆಲ್ಲ ನೋಡುತ್ತಾರೆ?

ಆಮೇಲೆ ಐಟಿಯವರ ಹತ್ತಿರ ಕೂತು ಹುಡುಕಿದಾಗ ಗೊತ್ತಾಯಿತು: ಆಫೀಸ್ ಟೇಬಲ್ ಇಲ್ಲದ ಕೆಲಸಗಾರರಿಗೆಂದೇ ಮೈಕ್ರೋಸಾಫ್ಟ್‌ನಲ್ಲಿ ಎಫ್1, ಎಫ್3 ಅಂತ ಕಡಿಮೆ ಬೆಲೆಯ ಲೈಸೆನ್ಸ್ ಇವೆ. ಸೆಟ್ಟರ್‌ಗಳಿಗೂ ಶಿಫ್ಟ್ ಸೂಪರ್‌ವೈಸರ್‌ಗಳಿಗೂ ಅದನ್ನು ತೆಗೆದುಕೊಂಡೆವು. ಪ್ರತಿ ಜಾಬ್ ಕಾರ್ಡ್ ಮೇಲೆ ಕ್ಯೂಆರ್ ಕೋಡ್ ಅಂಟಿಸಿದೆವು. ಸ್ಕ್ಯಾನ್ ಮಾಡಿದರೆ ಚಾನೆಲ್‌ನಲ್ಲಿರುವ ಡ್ರಾಯಿಂಗ್ ತೆರೆಯುತ್ತೆ. ಹೊಸ ರಿವಿಷನ್ ಬಂದರೆ ಅದೇ ಫೈಲ್ ಮೇಲೆ ಹಾಕುತ್ತೇವೆ. ಲಿಂಕ್ ಬದಲಾಗಲ್ಲ, ಹಳೆಯದು ವರ್ಷನ್ ಹಿಸ್ಟರಿಯಲ್ಲಿ ಉಳಿಯುತ್ತೆ. ವಾಟ್ಸಾಪ್ ಗ್ರೂಪ್ ಹಾಗೇ ಇದೆ. ಬ್ರೇಕ್‌ಡೌನ್, ರಜೆ, ಕ್ಯಾಂಟೀನ್ ಜಗಳ ಎಲ್ಲ ಅಲ್ಲೇ. ಡ್ರಾಯಿಂಗ್ ಫೋಟೊ ಮಾತ್ರ ಹಾಕಬಾರದು.

ಎಲ್ಲ ಸರಿಹೋಯಿತಾ? ಇಲ್ಲ. ಟೀಮ್ಸ್‌ನಲ್ಲಿ ಸೆಟ್ಟರ್‌ಗಳು ಬಾಯಿ ಬಿಡುತ್ತಲೇ ಇರಲಿಲ್ಲ. ಮ್ಯಾನೇಜರ್ ನೋಡುತ್ತಾರೆ ಅನ್ನುವ ಭಯ, ಜೊತೆಗೆ ಇಂಗ್ಲಿಷ್. ಮೇಲಿಂದ ಏನೇ ಬಂದರೂ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತಿದ್ದರು. ಆ ಹೆಬ್ಬೆರಳಿಗೆ ಓದಿದೆ ಅಂತಲೂ ಅರ್ಥ ಇಲ್ಲ, ಅರ್ಥವಾಯಿತು ಅಂತ ಮೊದಲೇ ಇಲ್ಲ. ಬದಲಾವಣೆ ಏನು ಅಂತ ನಾನು ಕನ್ನಡದಲ್ಲಿ ಎರಡು ಸಾಲು ಬರೆಯಲು ಶುರು ಮಾಡಿದ ಮೇಲೆ ಪ್ರಶ್ನೆಗಳು ಬರತೊಡಗಿದವು. “ಮೇಡಮ್, ಆಗ್ಲೇ ಮಾಡಿಟ್ಟ ಪೀಸ್ ಏನ್ ಮಾಡೋದು?” ಅಂತ ಒಬ್ಬ ಕೇಳಿದ. ಮೇಲಿನವರು ಯಾರೂ ಅದನ್ನು ಯೋಚಿಸಿಯೇ ಇರಲಿಲ್ಲ! ಒಡಿಶಾದ ಹುಡುಗರಿಗೆ ಮಾತ್ರ ಈಗಲೂ ನಾನೇ ಮಷಿನ್ ಹತ್ತಿರ ಹೋಗಿ ಹಿಂದಿಯಲ್ಲಿ ಹೇಳಿ ಬರುತ್ತೇನೆ.

ಈಗ ಸ್ಟೋರ್‌ನವರೂ ಲಾಗಿನ್ ಕೇಳುತ್ತಿದ್ದಾರೆ. ಖರ್ಚು ಜಾಸ್ತಿ ಅಂತ ಅಕೌಂಟ್ಸ್‌ನಲ್ಲಿ ಅರ್ಜಿ ಕೂತಿದೆ. ಆ ರಾತ್ರಿಯ ಲಾಟ್‌ಗೆ ಎಷ್ಟಾಯಿತು ಅನ್ನುವ ಲೆಕ್ಕವನ್ನೂ ಅದರ ಜೊತೆಗೇ ಪಿನ್ ಮಾಡಿ ಕೊಟ್ಟಿದ್ದೇನೆ.